ಮಳೆಗಾಲದಲ್ಲಿ ನಾಟಕ: ಹನ್ನೊಂದು ಶನಿವಾರಗಳ ಲೆಕ್ಕ

ಮಲೆನಾಡಿನಲ್ಲಿ ಹವ್ಯಾಸಿ ತಂಡ ನಡೆಸುವವರಿಗೆ ಕ್ಯಾಲೆಂಡರ್ ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಶುರು, ಮೇ ತಿಂಗಳಿಗೆ ಮುಗಿತಾಯ. ಎರಡು ತಿಂಗಳು ತಾಲೀಮು, ಒಂದು ಪ್ರದರ್ಶನ, ಒಬ್ಬ ಮುಖ್ಯ ಅತಿಥಿ, ಒಂದು ಶಾಲು. ಮರುದಿನ ಲೆವೆಲ್‌ಗಳೆಲ್ಲ (ರಂಗಕ್ಕೆ ಜೋಡಿಸುವ ಹಲಗೆಯ ಅಟ್ಟಣೆಗಳು) ಯಾರದೋ ಕೊಟ್ಟಿಗೆಯ ಅಟ್ಟಕ್ಕೆ. ಜೂನ್ ಎರಡನೇ ಶನಿವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಒಂದೂ ತಪ್ಪದೆ 11 ಶನಿವಾರ, ಅದೂ ಟಿಕೆಟ್ ಇಟ್ಟು ನಾಟಕ ಆಡುತ್ತೇವೆ ಎಂದು ನಮ್ಮ ತಂಡ ಹೇಳಿದಾಗ ‘ಆರಿದ್ರಾ ಮಳೆಗೆ ನಾಯಿನೂ ಜಗಲಿ ಇಳಿಯೂದಿಲ್ಲ ಮಾರಾಯ’ ಎಂದವರೇ ಹೆಚ್ಚು. ಮೊದಲ ವರ್ಷ ಅವರ ಮಾತೇ ಗೆದ್ದಿತು: ಮೂರು ಪ್ರದರ್ಶನ, ಒಂದಕ್ಕಂತೂ 11 ಜನ. ಮೂರನೇ ವರ್ಷಕ್ಕೆ ಕೈ ಹತ್ತಿದೆ. ಕಳೆದ ಸೀಸನ್ನಿನಲ್ಲಿ 96 ಸೀಟಿಗೆ ಸರಾಸರಿ 70ರ ಆಸುಪಾಸು ಜನ.

ಮಳೆಗಾಲವೇ ಯಾಕೆ ಎಂದರೆ ಎಲ್ಲವೂ ಖಾಲಿ ಇರುವುದು ಆಗಲೇ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಕಳೆದರೆ ಯಕ್ಷಗಾನ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಅಡಿಕೆ ಕೊಯ್ಲು ದೂರ. ನಮ್ಮ ಜಾಗ ಹಳೇ ಅಕ್ಕಿ ಗಿರಣಿಯ ಗೋದಾಮು, ಈಗ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಾರೆ. ಮದುವೆ ದಿನಗಳಲ್ಲಿ ಒಂದು ದಿನಕ್ಕೆ 12 ಸಾವಿರ ಕೇಳುವವರು ಮಳೆಗಾಲದಲ್ಲಿ ತಿಂಗಳಿಗೆ 8 ಸಾವಿರಕ್ಕೆ ಬೀಗದ ಕೈ ಕೊಟ್ಟರು. ಲೈಟಿನ ಅಂಗಡಿಯವರ ಸಾಮಾನು ಆಗ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿರುತ್ತದೆ. ಮೂರು ತಿಂಗಳಿಗೆ ಒಟ್ಟು 18 ಸಾವಿರಕ್ಕೆ ಒಪ್ಪಿಸಿದೆವು. ಹೇಗೆ ಒಪ್ಪಿಸಿದೆವು ಎಂಬುದನ್ನು ಬರೆದರೆ ಮುಂದಿನ ವರ್ಷ ಆ ದರ ಸಿಗುವುದಿಲ್ಲ, ಬಿಡಿ. ಮುಖ್ಯ ಲಾಭ ಬಾಡಿಗೆಯದಲ್ಲ. ಒಮ್ಮೆ ಕಟ್ಟಿದ ಪೈಪು, ಲೈಟು, ಕರಿಪರದೆ 11 ವಾರ ಕಟ್ಟಿದಲ್ಲೇ ಇರುತ್ತದೆ. ಹವ್ಯಾಸಿ ತಂಡದ ಅರ್ಧ ಆಯುಷ್ಯ ಕಟ್ಟುವುದರಲ್ಲಿ, ಬಿಚ್ಚುವುದರಲ್ಲೇ ಕಳೆದುಹೋಗುತ್ತದೆ.

ಇನ್ನು ಶತ್ರು ನಂಬರ್ ಒಂದು: ತಗಡಿನ ಮಾಡು. 30 ಅಡಿ ಅಗಲ, 60 ಅಡಿ ಉದ್ದದ ಗೋದಾಮು. ಮಳೆ ಹೊಡೆದರೆ ಎರಡನೇ ಸಾಲಿಗೆ ಮಾತು ಕೇಳುವುದಿಲ್ಲ. ಮೊದಲು ಒಳಗಡೆ ಥರ್ಮೊಕೋಲ್ ಹೊಡೆದೆವು. ಸುಮಾರು 7 ಸಾವಿರ ನೀರಿಗೆ ಹೋಯಿತು, ಸದ್ದು ಇದ್ದ ಹಾಗೇ ಇತ್ತು, ಮೇಲಿಂದ ಬೆಂಕಿಯ ಭಯ ಬೇರೆ. ಆಮೇಲೆ ಬಟ್ಟೆಯ ಸೀಲಿಂಗ್. ಅದು ನೀರು ಕುಡಿದು ಜೋತುಬಿದ್ದು ಲೈಟಿಗೆ ತಾಗಿತು. ಮೈಕ್ ತೂಗುಹಾಕಿದರೆ ನಟರ ಮಾತಿಗಿಂತ ಮಳೆಯನ್ನೇ ಚೆನ್ನಾಗಿ ಹಿಡಿಯಿತು. ತಪ್ಪು ಎಲ್ಲಿ ಎಂದರೆ ಸದ್ದು ಒಳಗೆ ಬಂದ ಮೇಲೆ ತಡೆಯಲು ಹೊರಟಿದ್ದು. ಹನಿ ತಗಡಿಗೆ ತಾಗುವ ಮೊದಲೇ ಅದರ ಪೆಟ್ಟು ಮುರಿಯಬೇಕು. ಅಜ್ಜಂದಿರು ಮಾಡುತ್ತಿದ್ದುದೂ ಅದೇ, ಸೋಗೆ ಅಂದರೆ ಅಡಿಕೆ ಗರಿಯ ಹೊದಿಕೆ.

ತಗಡಿನ ಮೇಲೆ ಅಡಿಕೆ ಸೋಗೆಯನ್ನು ಎರಡು ಪದರ, ಕೆಳಗಿನಿಂದ ಮೇಲಕ್ಕೆ ಹೊದೆಸಿ, ಮೂರು ಅಡಿಗೊಂದರಂತೆ ಅಡಿಕೆ ದಬ್ಬೆ ಅಡ್ಡ ಇಟ್ಟು ಬಿಗಿಯಬೇಕು. ತಗಡಿಗೆ ಮೊಳೆ ಹೊಡೆಯಬೇಡಿ, ತೂತಾದ ಮೇಲೆ ಸೋರುವುದನ್ನು ಹುಡುಕಲಿಕ್ಕಾಗುವುದಿಲ್ಲ. ಜಿಐ ತಂತಿಯನ್ನು ಮಾಡಿನ ನೆತ್ತಿಯ ಮೇಲಿಂದ ಎರಡೂ ಕಡೆ ಇಳಿಸಿ, ಸೂರಿನ ಕೆಳಗಿನ ಪೈಪಿಗೆ ಕಟ್ಟಿ. ಒಂದೇ ಪದರ ಹಾಕಿದರೆ ಗಾಳಿಗೆ ಎದ್ದು ಬರುತ್ತದೆ. ರಂಗದ ಮೇಲಷ್ಟೇ ಹೊದೆಸಿದರೂ ಸಾಲದು, ಉಳಿದ ಅರ್ಧ ಮಾಡಿನ ಸದ್ದು ಒಳಗೆಲ್ಲ ತುಂಬಿಕೊಳ್ಳುತ್ತದೆ. ನಾವು ಎರಡನೇ ವರ್ಷ ಮಾಡಿದ್ದು ಅದೇ ಜಿಪುಣತನ. ಸೋಗೆ ಊರವರು ಪುಕ್ಕಟೆ ಕೊಟ್ಟರು, ಹೊದೆಸಿದ ಕೂಲಿ ಮತ್ತು ತಂತಿ ಸೇರಿ 9 ಸಾವಿರ. ಫೋನಿನ ಆ್ಯಪಿನಲ್ಲಿ 80 ಡೆಸಿಬಲ್ ದಾಟುತ್ತಿದ್ದ ಮಳೆ 65–68ಕ್ಕೆ ಇಳಿಯಿತು. ಆ ಆ್ಯಪನ್ನು ಪೂರ್ತಿ ನಂಬಬೇಕಿಲ್ಲ. ನಟರು ಮೂರನೇ ಪ್ರದರ್ಶನಕ್ಕೂ ಗಂಟಲು ಕಟ್ಟಿಸಿಕೊಳ್ಳದೆ ಬಂದರು, ಅದು ಸರಿಯಾದ ಅಳತೆ.

ಎರಡನೇ ಮದ್ದು ಕುರ್ಚಿ ತಿರುಗಿಸಿದ್ದು. ಮೊದಲು ಗೋದಾಮಿನ ತುದಿಯಲ್ಲಿ ರಂಗ ಇತ್ತು, ಕೊನೆಯ ಸಾಲು 45 ಅಡಿ ದೂರ. ಈಗ ಉದ್ದದ ಗೋಡೆಗೆ ತಾಗಿಸಿ 20 ಅಡಿ ಅಗಲ, 16 ಅಡಿ ಆಳದ ರಂಗ, ಮೂರು ಕಡೆ ಜನ. ಎದುರಿಗೆ 44, ಎಡಬಲಕ್ಕೆ 26ರಂತೆ. ನಾಲ್ಕೇ ಸಾಲು. ಮೊದಲ ಸಾಲು ಚಾಪೆ, ಎರಡನೆಯದು ಬೆಂಚು, ಮೂರು ಮತ್ತು ನಾಲ್ಕನೆಯದು 9 ಮತ್ತು 18 ಇಂಚಿನ ಲೆವೆಲ್ ಮೇಲೆ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಗಳ ಕಾಲನ್ನು ಐದೈದು ಸೇರಿಸಿ ಕಟ್ಟಿ, ಇಲ್ಲದಿದ್ದರೆ ಹಿಂದೆ ಸರಿಸಿ ಸರಿಸಿ ಒಬ್ಬರು ಬೀಳುವುದು ಖಂಡಿತ. ಈಗ ಅತಿ ದೂರದ ಪ್ರೇಕ್ಷಕ ರಂಗದ ಅಂಚಿನಿಂದ 14 ಅಡಿ. ಉಳಿದ 16 ಅಡಿ ಜಾಗದಲ್ಲಿ ಬಣ್ಣದ ಕೋಣೆ ಮತ್ತು ಕೊಡೆಯ ಜಾಗ.

ಲೆವೆಲ್‌ಗಳು 6 ಅಡಿ, 3 ಅಡಿ, 18 ಎಂಎಂ ಪ್ಲೈ. ಮೊದಲ ವರ್ಷದ ಕಮರ್ಷಿಯಲ್ ಪ್ಲೈ ಜುಲೈ ಮುಗಿಯುವುದರೊಳಗೆ ಹಪ್ಪಳದ ಹಾಗೆ ಪದರ ಬಿಟ್ಟಿತು. ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆಯದ್ದೇ ತಗೊಳ್ಳಿ, ಕತ್ತರಿಸಿದ ಅಂಚಿಗೆ ಎರಡು ಕೈ ಪೇಂಟ್ ಹೊಡೆಯಿರಿ. ನೀರು ನುಗ್ಗುವುದು ಅಂಚಿನಿಂದ. ಸೀಸನ್ನಿನ ಮೂರೂ ನಾಟಕಗಳ ಸೆಟ್ಟಿಗೆ ಅಂಥ ಎಂಟೇ ಲೆವೆಲ್, ಜೋಡಣೆ ಮಾತ್ರ ಬೇರೆ. ಸೆಟ್ಟು ಒಂದು ಗಾಡಿಯಲ್ಲಿ ಹಿಡಿಯಬೇಕು ಎನ್ನುವ ಬುದ್ಧಿ ನಮ್ಮ ಕಡೆಯ ಎಲ್ಲರಿಗೂ 1985ರಿಂದ ಊರೂರು ತಿರುಗುತ್ತಿರುವ ಹೆಗ್ಗೋಡಿನ ನೀನಾಸಂ ತಿರುಗಾಟ ನಾಟಕ ತಂಡವನ್ನು ನೋಡಿಯೇ ಬಂದದ್ದು. ಮುಂದೆ ನಾಟಕ ಮಾರುವಾಗ ಅದು ಕೈ ಹಿಡಿಯುತ್ತದೆ.

ಲೈಟು. 1 ಕಿಲೋವಾಟಿನ ಫ್ರೆನೆಲ್ (ಮೆತ್ತನೆಯ ಅಂಚಿನ ಸ್ಪಾಟ್ ಲೈಟು) 4, ಎಲ್‌ಇಡಿ ಪಾರ್ (ಬಣ್ಣ ಬದಲಿಸುವ ಡಬ್ಬಿ ಲೈಟು) 12, ಅಷ್ಟೇ. ಸಿಂಗಲ್ ಫೇಸ್, 5 ಕಿಲೋವಾಟ್ ಮಂಜೂರಾತಿ. ಫ್ರೆನೆಲ್ ನಾಲ್ಕೂ ಪೂರ್ತಿ ಉರಿದರೆ 17 ಆಂಪಿಯರ್ ಮೇಲೆ ಹೋಗುತ್ತದೆ, ಹಾಗಾಗಿ ಚಹಾದ ಕೆಟಲನ್ನು ಅದೇ ಸಾಲಿಗೆ ಚುಚ್ಚುವವರ ಕೈ ಕಟ್ಟಿಹಾಕಬೇಕು. ಮೂರು ಕಡೆ ಜನ ಇರುವಾಗ ತಗ್ಗಿನ ಕೋನದ ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಪೈಪನ್ನು 13 ಅಡಿಗೆ ಏರಿಸಿ, 60 ಡಿಗ್ರಿ ಹತ್ತಿರ ಇಳಿಬಿಟ್ಟೆವು. ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ರಂಗದ ನೆಲಕ್ಕೆ ತಿಳಿ ಬಣ್ಣದ ಚಾಪೆ ಹಾಸಿದರೆ ಅರ್ಧ ನೆರಳು ಹೋಗುತ್ತದೆ. ಪಾರ್ ತರುವಾಗ ಬೆಚ್ಚನೆಯ ಬಿಳಿ ಇರುವುದನ್ನೇ ಕೇಳಿ ತನ್ನಿ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮಾತ್ರ ಇದ್ದರೆ ಎಷ್ಟು ಕಲಸಿದರೂ ಮುಖ ಹೆಣದ ಬಣ್ಣ. ಎಲ್‌ಇಡಿಯನ್ನು ವೋಲ್ಟೇಜು ಏರಿಳಿಸುವ ಡಿಮ್ಮರ್ ಚಾನೆಲ್ಲಿಗೆ ಕೊಡಬಾರದು ಎಂದು ಎಲ್ಲರಿಗೂ ಗೊತ್ತು, ಆದರೂ ವರ್ಷಕ್ಕೊಂದು ಸುಟ್ಟುಕೊಳ್ಳುತ್ತೇವೆ.

ಪಾರ್‌ಗಳು ತಾವಾಗಿಯೇ ಮಿನುಗುವ ರೋಗಕ್ಕೆ ಎರಡು ಸಂಜೆ ಹಾಳಾದವು. ಬೋರ್ಡು, ಲೈಟು, ವೋಲ್ಟೇಜು ಎಲ್ಲವನ್ನೂ ಶಂಕಿಸಿದ್ದಾಯಿತು. ಬೋರ್ಡಿನ ಸಿಗ್ನಲ್ಲನ್ನು ಲೈಟಿಗೆ ಒಯ್ಯುವ ಡಿಎಂಎಕ್ಸ್ ಕೇಬಲ್ ಬದಲು ಮೈಕಿನ ಕೇಬಲ್ ಜೋಡಿಸಿದ್ದೇ ಕಾರಣ. ಹತ್ತು ಹದಿನೈದು ಅಡಿಗೆ ನಡೆಯುತ್ತದೆ, ನೂರು ಅಡಿ ಓಡಿಸಿದರೆ ಸಿಗ್ನಲ್ ತುದಿಯಿಂದ ತಿರುಗಿ ಬಂದು ಕಲಸಿಹೋಗುತ್ತದೆ. ಸರಿಯಾದ ಕೇಬಲ್ ಹಾಕಿ, ಕೊನೆಯ ಲೈಟಿನ ಔಟಿಗೆ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸೆದ ಪ್ಲಗ್ ಚುಚ್ಚಿ. ರೆಸಿಸ್ಟರ್ ಬೆಲೆ ಒಂದು ಚಹಾಕ್ಕಿಂತ ಕಡಿಮೆ.

ಕರೆಂಟು ಹೋಗಿಯೇ ಹೋಗುತ್ತದೆ, ಮರ ಬೀಳದ ಶನಿವಾರ ಜುಲೈನಲ್ಲಿಲ್ಲ. ಜನರೇಟರ್ ಒಂದು ದಿನಕ್ಕೆ 4 ಸಾವಿರ ಕೇಳುತ್ತಾರೆ, ಸದ್ದು ಬೇರೆ. ಸದಸ್ಯರೊಬ್ಬರ ಮನೆಯ 2 ಕೆವಿಎ ಇನ್ವರ್ಟರ್, 150 ಎಎಚ್‌ನ ಎರಡು ಬ್ಯಾಟರಿ ತಂದಿಟ್ಟೆವು. ಎಲ್‌ಇಡಿ ಮತ್ತು ಸೌಂಡ್ ಮಾತ್ರ ಅದರ ಮೇಲೆ, ಫ್ರೆನೆಲ್ ಹೊರಗೆ. ಒಂದೂವರೆ ತಾಸು ಆರಾಮಾಗಿ ಬರುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರೇ ಬೇಕು, ಸ್ಕ್ವೇರ್ ವೇವ್‌ನದ್ದಾದರೆ ಸ್ಪೀಕರಿನಲ್ಲಿ ಜೇನುಹುಳದ ಗುಂಯ್. ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿಡಿ. ಆದರೂ ಲೈಟ್ ಬೋರ್ಡಿಗೆ ಪ್ರತ್ಯೇಕ ಕಂಪ್ಯೂಟರ್ ಯುಪಿಎಸ್ ಇರಲಿ. ಬೋರ್ಡು ಒಮ್ಮೆ ಆರಿ ಹೊತ್ತಿದರೆ ಕ್ಯೂ (ಯಾವ ಮಾತಿಗೆ ಯಾವ ಲೈಟು ಎಂಬುದು) ಎಲ್ಲಿತ್ತೆಂದು ಹುಡುಕುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ಪ್ರತಿ ಕ್ಯೂವನ್ನೂ ಫ್ರೆನೆಲ್ ಇಲ್ಲದೆಯೂ ಮುಖ ಕಾಣುವ ಹಾಗೆ ಕೂರಿಸಿಕೊಂಡಿದ್ದೇವೆ. ಎಷ್ಟೋ ಸಲ ಕರೆಂಟು ಹೋದದ್ದು ಪ್ರೇಕ್ಷಕರಿಗೆ ಗೊತ್ತೇ ಆಗಿಲ್ಲ.

ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ರಕ್ಷಣಾ ಸ್ವಿಚ್ಚು) ಪದೇ ಪದೇ ಬೀಳುವುದು ಇನ್ನೊಂದು ತಲೆನೋವು. ವಾರವಿಡೀ ಥಂಡಿಯಲ್ಲಿ ನೇತಾಡಿದ ಹಳೇ ಫ್ರೆನೆಲ್‌ಗಳೊಳಗೆ ಪಸೆ ಕೂತು ಅರ್ಥಿಗೆ ಸೋರುತ್ತದೆ. ‘ಬೈಪಾಸ್ ಮಾಡಿಬಿಡಿ’ ಎನ್ನುವ ಎಲೆಕ್ಟ್ರಿಶಿಯನ್ನನ್ನು ಬಾಗಿಲಿಂದಾಚೆ ಕಳಿಸಿ. ಒದ್ದೆ ನೆಲ, ಕಬ್ಬಿಣದ ಪೈಪು, ಬರಿಗಾಲಿನ ನಟರು ಇರುವ ಜಾಗ ಅದು. ಫ್ರೆನೆಲ್‌ಗಳನ್ನು ಎರಡೆರಡಾಗಿ ಬೇರೆ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ ಹಂಚಿ, ಮಧ್ಯಾಹ್ನ ಮೂರಕ್ಕೆ ಒಂದೊಂದೇ ಲೈಟನ್ನು ಕಾಲು ಭಾಗ ಏರಿಸಿ ಅರ್ಧ ತಾಸು ಒಣಗಿಸುತ್ತೇವೆ. ಅದಕ್ಕೂ ಬಿದ್ದರೆ ಆ ಲೈಟಿಗೆ ಆ ದಿನ ರಜೆ.

ಥಂಡಿಯ ಉಳಿದ ಕಾಟ ಗೊತ್ತಿದ್ದದ್ದೇ. ವೇಷದ ಟ್ರಂಕಿನಲ್ಲಿ 40 ವಾಟಿನ ಹಳೇ ಬಲ್ಬು, ಸುತ್ತ ತಂತಿಜಾಲರಿ, ಬಟ್ಟೆಯಿಂದ ಒಂದು ಅಡಿ ದೂರ. ಮದ್ದಳೆಗೂ ಅಂಥದ್ದೇ ಒಂದು ಪೆಟ್ಟಿಗೆ, ಇಲ್ಲದಿದ್ದರೆ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಗಡ್ಡ ಅಂಟದಿದ್ದರೆ ಗೋಂದನ್ನು ಬೈಯಬೇಡಿ, ಗಲ್ಲವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಗಾಳಿಗೆ ಒಣಗಿಸಿ ಆಮೇಲೆ ಹಚ್ಚಿ.

ನಾಟಕಗಳನ್ನು ಮಳೆ ನಕ್ಷತ್ರ ನೋಡಿ ಹೊಂದಿಸಿದ್ದು ನಮ್ಮ ಜಾಣತನ ಎಂದು ಹೇಳಿಕೊಳ್ಳಬಹುದು. ಮೃಗಶಿರಾ–ಆರಿದ್ರೆಗೆ ಹಳೆಯ, ಬಾಯಿಪಾಠವಾದ ಹಾಸ್ಯ ನಾಟಕ. ಪುನರ್ವಸು–ಪುಷ್ಯ ಮಳೆಯ ಅಬ್ಬರಕ್ಕೆ 14 ಜನರ ಹಾಡು, ಕುಣಿತ, ಚಂಡೆ ಇರುವ ನಾಟಕ. ಆಶ್ಲೇಷಾ–ಮಘೆಗೆ ಮಳೆ ತಗ್ಗುವಾಗ ಮೂವರೇ ಇರುವ ಮೆಲುಮಾತಿನ ನಾಟಕ. ಒಂದೊಂದನ್ನೂ ಸತತ ಮೂರು ಶನಿವಾರ. ಹಿಂದಿನ ವರ್ಷ ವಾರಕ್ಕೊಂದರಂತೆ ತಿರುಗಿಸಿ ಕೆಟ್ಟಿದ್ದೆವು: ಚೆನ್ನಾಗಿದೆ ಎಂದು ಕೇಳಿ ಬಂದವರಿಗೆ ಬೇರೆ ನಾಟಕ ಸಿಗುತ್ತಿತ್ತು. ಈಗ ಮೊದಲ ಶನಿವಾರ 45 ಜನ, ಮೂರನೆಯದಕ್ಕೆ ಹೌಸ್‌ಫುಲ್.

ಸೋಗೆ ಇದ್ದರೂ ಎರಡು ಮೂರು ನಿಮಿಷ ಮಾತು ಮುಳುಗಿಸುವ ಜಡಿ ಬಂದೇ ಬರುತ್ತದೆ. ಅದಕ್ಕೆ ಪ್ರತಿ ನಾಟಕದಲ್ಲೂ ಮೂರು ಮಾತಿಲ್ಲದ ತುಂಡುಗಳನ್ನು ಕಟ್ಟಿಟ್ಟುಕೊಂಡಿದ್ದೇವೆ. ಕವಳ (ಎಲೆಯಡಿಕೆ) ಹಾಕುವುದು, ಹಗ್ಗ ಹೊಸೆಯುವುದು, ಜಗಳದ ಮೌನ, ಹೀಗೆ. ಲೈಟಿನವರು ಒಂದು ಮೂಲೆಯ ಪಾರ್ ತಗ್ಗಿಸಿದರೆ ತುಂಡು ಶುರು. ವಾಪಸ್ ಮಾತಿಗೆ ಬರುವ ಸನ್ನೆ ಮಾತ್ರ ನಮ್ಮಲ್ಲೇ ಇರಲಿ, ಅದರಲ್ಲೇ ಮಜಾ ಇರುವುದು.

ತಾಲೀಮಿಗೆ ಅಡ್ಡ ಬರುವುದು ಮಳೆಯಲ್ಲ, ಹೊಳವು. ಎರಡು ದಿನ ಬಿಸಿಲು ಕಂಡರೆ ಕೊಳೆ ಔಷಧಿ ಹೊಡೆಯಲು ತೋಟದವರೆಲ್ಲ ಅಡಿಕೆ ಮರ ಹತ್ತುವ ಕೊನೆಗೌಡನ ಹಿಂದೆ ಓಡುತ್ತಾರೆ, ಮುಖ್ಯಪಾತ್ರವೂ ಸೇರಿ. ಪ್ರತಿ ಪಾತ್ರಕ್ಕೂ ಇಬ್ಬರನ್ನು ತಯಾರು ಮಾಡಿದ ಮೇಲೆಯೇ ಉಸಿರಾಡಿದ್ದು.

ಸಮಯ ಸಂಜೆ 5:30, ನಾಟಕ ಹೆಚ್ಚೆಂದರೆ 1 ತಾಸು 40 ನಿಮಿಷ, ಮಧ್ಯಂತರ ಇಲ್ಲ. ಕೊನೆಯ ಬಸ್ಸು 7:45ಕ್ಕೆ. ಬೆಂಗಳೂರಿನ ರಂಗಶಂಕರದಲ್ಲಿ ಮಾಡುವಂತೆ ತಡವಾಗಿ ಬಂದವರಿಗೆ ಬಾಗಿಲು ಹಾಕಿ ನೋಡಿದೆವು. ಇಲ್ಲಿ ತಡ ಮಾಡುವುದು ಜನ ಅಲ್ಲ, ಬಸ್ಸು. ಬಾಗಿಲ ಪಕ್ಕ ಎಂಟು ಕುರ್ಚಿ ಅವರಿಗೆಂದೇ ಬಿಟ್ಟಿದ್ದೇವೆ. 90 ಕೊಡೆಗಳ ನೀರು ಒಳಗೆ ಬಂದರೆ ನೆಲ ಜಾರುತ್ತದೆ. ಹಾಗಾಗಿ ಬಾಗಿಲಲ್ಲೇ ಬಿದಿರ ಗಳಕ್ಕೆ 96 ಮೊಳೆ. ಟಿಕೆಟ್ ನಂಬರು, ಸೀಟು, ಕೊಡೆಯ ಮೊಳೆ ಮೂರೂ ಒಂದೇ ಸಂಖ್ಯೆ. ನಾಟಕ ಮುಗಿದ ಐದೇ ನಿಮಿಷಕ್ಕೆ ಎಲ್ಲರ ಕೈಯಲ್ಲಿ ಅವರವರ ಕೊಡೆ.

ಒಂದು ನಾಟಕ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದೊಂದು, ಹೀಗೆ ಎರಡು ಶನಿವಾರ ತಾಳಮದ್ದಳೆ, ಅಂದರೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ತಂಡಕ್ಕೆ ವಾರದ ಬಿಡುವು ಬೇಕೆಂದು ಸುಮ್ಮನೆ ಇಟ್ಟದ್ದು. ಮಳೆಗಾಲದ್ದೇ ಕಲೆ ಅದು, ವೇಷ ಬೇಡ, ಸೆಟ್ಟು ಬೇಡ, ಕರೆಂಟು ಹೋದರೆ ಲಾಟೀನು ಸಾಕು. ಟಿಕೆಟ್ ಇಲ್ಲದೆ ತಟ್ಟೆ ಹಿಡಿದೆವು, ಎರಡು ರಾತ್ರಿಗೆ 7 ಸಾವಿರ ಬಿತ್ತು. ಅಲ್ಲಿ ಬಂದ ಹಿರಿಯರಲ್ಲಿ ಹತ್ತಾರು ಜನ ಮುಂದಿನ ವಾರ ಟಿಕೆಟ್ ಕೊಂಡು ನಾಟಕಕ್ಕೂ ಬಂದರು.

ದುಡ್ಡು, ನೆನಪಿದ್ದಷ್ಟು. ಟಿಕೆಟ್ 100 ರೂಪಾಯಿ. ಒಂಬತ್ತು ಚೀಟಿಯ ಪುಸ್ತಕ 600ಕ್ಕೆ, ಒಬ್ಬರೇ ಒಂಬತ್ತು ಸಲ ಬನ್ನಿ ಅಥವಾ ಮನೆಮಂದಿ ಒಂದೇ ದಿನ ಹರಿಯಿರಿ. ಪುಸ್ತಕ 41 ಹೋದವು, ಬಾಗಿಲಲ್ಲಿ 315 ಟಿಕೆಟ್. ತಟ್ಟೆ, ಚಹಾ, ಹಲಸಿನ ಹಪ್ಪಳದ ಲಾಭ ಸೇರಿ ಒಟ್ಟು 72 ಸಾವಿರದ ಹತ್ತಿರ. ಖರ್ಚು: ಬಾಡಿಗೆ 24, ಲೈಟು 18, ಪ್ಲೈ 14, ನಟರ ಪೆಟ್ರೋಲು 12, ವೇಷ ಮತ್ತು ಪರಿಕರ 11, ಸೋಗೆ 9, ನಾಟಕಕಾರರ ಗೌರವಧನ 9, ತಾಲೀಮಿನ ಚಹಾ ತಿಂಡಿ 8, ಪೋಸ್ಟರ್ ಮೂರೂವರೆ ಸಾವಿರ. ಗೌರವಧನದಲ್ಲಿ ಕೈ ಬಿಗಿ ಮಾಡಬೇಡಿ. ಹವ್ಯಾಸಿ ತಂಡ ಪುಕ್ಕಟೆ ತೋರಿಸಿದರೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ, ಟಿಕೆಟ್ ಇಟ್ಟ ಕೂಡಲೇ ಅದು ಹೋಗುತ್ತದೆ. ಒಪ್ಪಿಗೆ ಪತ್ರ ಮೊದಲು, ತಾಲೀಮು ಆಮೇಲೆ.

ಅಂದರೆ ಚೌತಿಯ ಹೊತ್ತಿಗೆ 36 ಸಾವಿರ ಚಿಲ್ಲರೆ ಕೈಬಿಟ್ಟಿತ್ತು. ಚೌತಿ ಬಂತೆಂದರೆ ಊರೂರಿನ ಪೆಂಡಾಲಿನಲ್ಲಿ ಪುಕ್ಕಟೆ ಕಾರ್ಯಕ್ರಮ, ಟಿಕೆಟ್ ಕೊಳ್ಳುವವರಿಲ್ಲ. ಸೀಸನ್ ಅದಕ್ಕೆ ಮೊದಲೇ ಮುಗಿಯಬೇಕು. ಆದರೆ ಆ ಪೆಂಡಾಲಿನವರಿಗೆ ನಾಟಕ ಬೇಕು, ನಮ್ಮ ಬಳಿ ಮೂರು ನಾಟಕ ಮೂರು ಮೂರು ಸಲ ಆಡಿ ಪಕ್ವವಾಗಿ ಕೂತಿವೆ. ಚೌತಿ, ದಸರಾಕ್ಕೆ ನಾಲ್ಕು ಪ್ರದರ್ಶನ 18 ಸಾವಿರದಂತೆ ಹೋದವು. ಗಾಡಿ, ಊಟ ಕಳೆದು ಒಂದಕ್ಕೆ ಹನ್ನೊಂದೂವರೆ ಉಳಿದು, ವರ್ಷದ ಕೊನೆಗೆ 9 ಸಾವಿರ ಚಿಲ್ಲರೆ ಲಾಭ. ಎಲ್ಲ ಕಮಿಟಿಗಳೂ ಕೇಳಿದ್ದು ಚಂಡೆಯ ನಾಟಕವನ್ನೇ, ಮೂವರ ನಾಟಕ ಒಂದೂ ಹೋಗಲಿಲ್ಲ. ಬರುವ ವರ್ಷ ಅದನ್ನು ಹೈಸ್ಕೂಲು, ಕಾಲೇಜುಗಳಿಗೆ 8 ಸಾವಿರಕ್ಕೆ ಕೇಳಿ ನೋಡುವುದಿದೆ.

ಸೋಗೆಯನ್ನು ದೀಪಾವಳಿಗೆ ಮೊದಲು ಇಳಿಸಿಬಿಡಿ. ಒಣಗಿದ ಸೋಗೆ, ಪಟಾಕಿ, ಕೆಳಗೆ ಬಾಡಿಗೆಯ ಕಟ್ಟಡ. ಇಳಿಸಿದ ಸೋಗೆ ಕೊಟ್ಟವರ ಕೊಟ್ಟಿಗೆಗೇ ಗೊಬ್ಬರಕ್ಕೆ ವಾಪಸ್ ಹೋಗುತ್ತದೆ. ಹಾಗೆ ಹೇಳಿಯೇ ತಂದಿದ್ದೆವು.