ಎಂಟು ಗಂಟೆಯ ಮಾತ್ರೆ: ತಾಳ ತಪ್ಪಿದ ಎದೆಬಡಿತದ ಜೊತೆ ಬದುಕುವ ಬಗೆ

ಮೊದಲು ನಾಡಿ ನೋಡುವುದನ್ನು ಕಲಿತುಬಿಡಿ. 5 ನಿಮಿಷ ಸುಮ್ನೆ ಕೂತುಕೊಳ್ಳಿ. ಎಡಗೈಯನ್ನು ಅಂಗೈ ಮೇಲೆ ಬರುವಂತೆ ಮಡಿಲಲ್ಲಿಡಿ. ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಮೂರು ಬೆರಳನ್ನು ಮೆತ್ತಗೆ ಒತ್ತಿ. ಗಡಿಯಾರ ನೋಡುತ್ತಾ ಪೂರ್ತಿ 1 ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುವ ಲೆಕ್ಕ ನಮ್ಮಂಥವರಿಗೆ ಸರಿಬರುವುದಿಲ್ಲ. ನಮ್ಮ ನಾಡಿಗೆ ತಾಳವಿಲ್ಲ. ಕೊಯ್ಲಿನ ದಿನ ಗೊನೆ ಇಳಿಸುವಾಗ ನೆಲಕ್ಕೆ ಉದುರುವ ಅಡಿಕೆಯ ಸದ್ದು ಕೇಳಿದ್ದೀರಲ್ವಾ? ಟಪ್. ಟಪ್‌ಟಪ್. ಆಮೇಲೆ ಏನೂ ಇಲ್ಲ. ಮತ್ತೆ ಒಟ್ಟಿಗೆ ಮೂರು. ನನ್ನ ನಾಡಿ ಹಾಗೆಯೇ ಬಡಿಯುತ್ತದೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಈಗ 63 ವರ್ಷ. 2018ರಲ್ಲಿ ಒಂದು ದಿನ ತೋಟದಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ಉಸಿರು ಸಿಗದೆ ಕೂತುಬಿಟ್ಟೆ. ಮರುದಿನ ಇಸಿಜಿ ತೆಗೆದಾಗ ಎಟ್ರಿಯಲ್ ಫಿಬ್ರಿಲೇಶನ್ ಎಂದು ಗೊತ್ತಾಯಿತು. ಡಾಕ್ಟ್ರು ಚಿಕ್ಕದಾಗಿ ಎ.ಎಫ್. ಅನ್ನುತ್ತಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದಾಗ ಹೃದಯದ ಮೈಟ್ರಲ್ ಕವಾಟವೂ ಕಿರಿದಾಗಿದೆ ಎಂದರು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಗಂಟುಗಂಟಿಗೆ ಬಾವು, ತಿಂಗಳುಗಟ್ಟಲೆ ಜ್ವರ ಇತ್ತು ಅಂತ ಅಮ್ಮ ಹೇಳುತ್ತಿದ್ದರು. ಅದು ಕವಾಟವನ್ನು ಮುಟ್ಟಿ ಹೋಗಿತ್ತು.

ಈ ಕಾಯಿಲೆಯಲ್ಲಿ ಆಗುವುದು ಇಷ್ಟು. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡುವುದಿಲ್ಲ, ಬರೀ ನಡುಗುತ್ತವೆ. ಎಡ ಕೋಣೆಗೆ ಒಂದು ಸಣ್ಣ ಚೀಲದಂಥ ಮೂಲೆ ಇದೆ. ಅಲ್ಲಿ ರಕ್ತ ನಿಂತರೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಎ.ಎಫ್. ಇರುವವರಿಗೆ ಲಕ್ವದ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಜಾಸ್ತಿ.

ಆದ್ದರಿಂದ ಮಾತ್ರೆಯೂ ಎರಡು ಬಗೆ. ಒಂದು, ಬಡಿತದ ವೇಗ ಇಳಿಸಲು. ಇನ್ನೊಂದು, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಲು. ಮೊದಲನೆಯದು ಕೆಲಸ ಮಾಡುವುದು ನಮಗೇ ಗೊತ್ತಾಗುತ್ತದೆ, ಎದೆ ಢವಢವ ನಿಲ್ಲುತ್ತದೆ, ಮೆಟ್ಟಿಲು ಹತ್ತಬಹುದು. ಎರಡನೆಯದು ತಿಂದರೂ ಏನೂ ಅನ್ನಿಸುವುದಿಲ್ಲ, ಬಿಟ್ಟರೂ ಏನೂ ಅನ್ನಿಸುವುದಿಲ್ಲ. ಜನ ಬಿಡುವುದು ಅದನ್ನೇ. ಲಕ್ವದಿಂದ ಕಾಪಾಡುವುದೂ ಅದೇ. ನಾನು ಇದನ್ನು ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ.

ವೇಗದ ಮಾತ್ರೆ

ನನಗೆ ಮೆಟೊಪ್ರೊಲಾಲ್ ಇದೆ. ಕೆಲವರಿಗೆ ಬಿಸೊಪ್ರೊಲಾಲ್, ಕೆಲವರಿಗೆ ಡಿಲ್ಟಿಯಾಜೆಮ್ ಕೊಡುತ್ತಾರೆ. ಸುಮ್ನೆ ಕೂತಾಗ ನನ್ನ ನಾಡಿ 80ರ ಆಸುಪಾಸು ಇರಲಿ ಎಂದಿದ್ದಾರೆ. ಇನ್ನು ಕೆಲವರಿಗೆ 110ರ ಒಳಗಿದ್ದರೆ ಸಾಕು ಎನ್ನುತ್ತಾರೆ. ನಿಮ್ಮದು ಎಷ್ಟಿರಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಾಡಿ 50ಕ್ಕಿಂತ ಇಳಿದು ತಲೆ ಸುತ್ತಿದರೆ ಅದೇ ದಿನ ಡಾಕ್ಟ್ರಿಗೆ ಹೇಳಿ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಎದೆಬಡಿತ ಮತ್ತೆ ಓಡಲು ಶುರುವಾಗುತ್ತದೆ. ಅಸ್ತಮಾ ಇದ್ದರೆ ಮೊದಲೇ ತಿಳಿಸಿ.

ಜೊತೆಗೆ ಡಿಗಾಕ್ಸಿನ್ ಇರುವವರು ಒಂದು ವಿಷಯ ಗಮನಿಸಿ. ಅದರಲ್ಲಿ ಸಾಕಾಗುವ ಪ್ರಮಾಣಕ್ಕೂ ಜಾಸ್ತಿಯಾಗುವ ಪ್ರಮಾಣಕ್ಕೂ ಅಂತರ ತುಂಬಾ ಕಡಿಮೆ. ಊಟ ಸೇರದೆ ಇರುವುದು, ವಾಕರಿಕೆ, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುವುದು ಇವು ಜಾಸ್ತಿಯಾದ ಲಕ್ಷಣ. ವಾಂತಿ, ಭೇದಿ ಆಗಿ ಮೈಯಲ್ಲಿ ಪೊಟ್ಯಾಸಿಯಂ ಇಳಿದರೆ ಅಪಾಯ ಇನ್ನೂ ಹೆಚ್ಚು.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಒಂದೇ ಸಲ ನೋಡಿ ಗಾಬರಿಯಾಗಬೇಡಿ. ಬಡಿತ ಏರುಪೇರಾಗಿರುವುದರಿಂದ ಮೆಷಿನ್ ಒಮ್ಮೆ 150 ಅನ್ನುತ್ತದೆ, ಮರುಕ್ಷಣ 128 ಅನ್ನುತ್ತದೆ. ಒಂದೊಂದು ನಿಮಿಷ ಬಿಟ್ಟು 3 ಸಲ ನೋಡಿ, ಸರಾಸರಿ ಬರೆಯಿರಿ.

ಸೊಪ್ಪಿನ ಲೆಕ್ಕ

ಇನ್ನು ಹೆಪ್ಪು ತಡೆಯುವ ಮಾತ್ರೆ. ಕವಾಟ ಹೀಗೆ ಕಿರಿದಾದವರಿಗೆ ಹೊಸ ಮಾತ್ರೆಗಳಿಗಿಂತ ಹಳೆಯವೇ ಸರಿ. ಹಾಗಾಗಿ ನನ್ನದು ಅಸೆನೊಕೌಮರಾಲ್, ವಾರ್ಫರಿನ್‌ನ ಹತ್ತಿರದ ನೆಂಟ. ಇದನ್ನು ತಿನ್ನುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅದು ಹೇಳುತ್ತದೆ. ಮಾತ್ರೆ ತಿನ್ನದವರಿಗೆ ಅದು 1ರ ಹತ್ತಿರ ಇರುತ್ತದೆ. ನಮಗೆ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ.

ನಾನು ರಾತ್ರಿ 8 ಗಂಟೆಗೆ ತಿನ್ನುತ್ತೇನೆ. ಅದಕ್ಕೆ ಕಾರಣವಿದೆ. ಬೆಳಿಗ್ಗೆ ಲ್ಯಾಬಿಗೆ ರಕ್ತ ಕೊಟ್ಟರೆ ಸಂಜೆಗೆ ರಿಪೋರ್ಟ್ ಸಿಗುತ್ತದೆ. ಡೋಸ್ ಬದಲಿಸಬೇಕಾದರೆ ಆ ರಾತ್ರಿಯೇ ಬದಲಿಸಬಹುದು.

2021ರ ಆಟಿ ತಿಂಗಳು, ಅಂದರೆ ತುಳುನಾಡಿನ ಜುಲೈ-ಆಗಸ್ಟ್ ಹೊತ್ತಿನ ಮಳೆಗಾಲ. ಹೊರಗೆ ಬಿಡದ ಮಳೆ. ಅಂಗಳದ ಬದಿಯಲ್ಲಿ ಚಗಟೆ ಸೊಪ್ಪು ಚಿಗುರಿತ್ತು, ಹಿತ್ತಲಲ್ಲಿ ಕೆಸುವಿನ ಎಲೆ ಆಳೆತ್ತರ ಬೆಳೆದಿತ್ತು. ಭಾನುವಾರ ಪತ್ರೊಡೆ, ಸೋಮವಾರ ಅದನ್ನೇ ಪುಡಿ ಮಾಡಿ ಬೆಲ್ಲ ಹಾಕಿ ಒಗ್ಗರಣೆ, ಮಂಗಳವಾರ ಚಗಟೆ ಪಲ್ಯ, ಆಮೇಲೆ ನುಗ್ಗೆಸೊಪ್ಪು, ಬಸಳೆ. ನಡುವೆ ಒಂದೆಲಗದ ತಂಬುಳಿ. ಹೀಗೆ 3 ವಾರ ನಡೆಯಿತು. 2.5 ಇದ್ದ ಐಎನ್‌ಆರ್ 1.4ಕ್ಕೆ ಇಳಿದಿತ್ತು. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಡಾಕ್ಟ್ರು ಚೀಟಿಯನ್ನು ಬದಿಗಿಟ್ಟು, "ಅಮ್ಮಾ, ಈ ತಿಂಗಳು ಏನೇನು ಊಟ ಮಾಡಿದ್ದೀರಿ?" ಎಂದು ಕೇಳಿದರು.

ಡೋಸ್ ಹೆಚ್ಚಿಸಿ, ಆಮೇಲೆ ಬಿಡಿಸಿ ಹೇಳಿದರು. ರಕ್ತ ಹೆಪ್ಪುಗಟ್ಟಿಸುವ ಸರಕನ್ನು ನಮ್ಮ ಲಿವರ್ ವಿಟಮಿನ್ ಕೆ ಬಳಸಿ ಮಾಡುತ್ತದೆ. ನಮ್ಮ ಮಾತ್ರೆ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಾ ಇದೆ. ದಿನವೂ ರಾಶಿ ಸೊಪ್ಪು ಹೋದರೆ ಮಾತ್ರೆ ಸೋಲುತ್ತದೆ.

ಮನೆಗೆ ಬಂದು ನಾನು ಸೊಪ್ಪನ್ನೇ ಬಿಟ್ಟುಬಿಟ್ಟೆ. ಅದೂ ತಪ್ಪೇ. ಹೆಚ್ಚಿಸಿದ ಡೋಸ್ ಹಾಗೇ ಇತ್ತು, ಸೊಪ್ಪು ಇರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ 4.1 ಬಂತು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿತ್ತು. ಸೊಪ್ಪು ಬಿಡಬೇಕಾಗಿಲ್ಲ, ಒಂದೇ ಲೆಕ್ಕದಲ್ಲಿ ತಿನ್ನಬೇಕು. ಈಗ ನಮ್ಮ ಮನೆಯಲ್ಲಿ ವಾರಕ್ಕೆ 3 ದಿನ ಸೊಪ್ಪು, ನನ್ನ ಬಟ್ಟಲಿಗೆ ಒಂದು ಸೌಟು. ಆಟಿಯಲ್ಲೂ ಅಷ್ಟೇ, ಚಳಿಗಾಲದಲ್ಲೂ ಅಷ್ಟೇ. ಪತ್ರೊಡೆ ಮಾಡಿದ ದಿನ ಬೇರೆ ಸೊಪ್ಪಿಲ್ಲ. ಜ್ವರ ಬಂದು ನಾಲ್ಕು ದಿನ ಬರೀ ಗಂಜಿಯಲ್ಲಿದ್ದರೆ ಆಗಲೂ ಐಎನ್‌ಆರ್ ಏರಬಹುದು. ಅಂಥ ಸಮಯದಲ್ಲಿ ಪರೀಕ್ಷೆಯನ್ನು ಬೇಗ ಮಾಡಿಸಿ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವಾಗಲಿ, ಆಯುರ್ವೇದದ ಗುಳಿಗೆಯಾಗಲಿ, ಡಾಕ್ಟ್ರಿಗೆ ಹೇಳದೆ ಕುಡಿಯಬೇಡಿ.

ನೆಂಟರೊಬ್ಬರು "ಅದು ಇಲಿ ಪಾಷಾಣ, ಬಿಟ್ಟುಬಿಡು" ಎಂದಿದ್ದರು. ಮಾತು ಅರ್ಧ ನಿಜ. ವಾರ್ಫರಿನ್ 1948ರಲ್ಲಿ ಇಲಿ ಔಷಧಿಯಾಗಿಯೇ ಬಂತು. ತೆಂಗಿನ ಮರದಲ್ಲಿ ಇಲಿಗೆ ಇಡುವ ಬ್ರೋಮಾಡಿಯೋಲೋನ್ ಕೇಕ್ ಕೂಡ ಇದೇ ಜಾತಿಯದ್ದು. ಆದರೆ 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತ ಆದಾಗ ಕೊಟ್ಟದ್ದೂ ವಾರ್ಫರಿನ್ನೇ. ಅಳತೆ ನೋಡಿಕೊಳ್ಳಲೆಂದೇ ನಾವು ರಕ್ತಪರೀಕ್ಷೆ ಮಾಡಿಸುವುದು. ಹೆದರಿ ಬಿಟ್ಟವರಿಗೆ ಲಕ್ವ ಬಡಿದರೆ ಆ ನೆಂಟರು ಬಂದು ಎತ್ತಿ ಕೂರಿಸುವುದಿಲ್ಲ.

ಪುಸ್ತಕ ಮತ್ತು ಡಬ್ಬಿ

ನನ್ನ ಡೋಸ್ ಒಂದು ದಿನ 2 ಮಿಲಿಗ್ರಾಂ, ಮರುದಿನ 3. ಇದು ಮರೆಯಲು ಬಹಳ ಸುಲಭ. ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಂಗಳ ಮೊದಲ ದಿನವೇ ಪ್ರತಿ ತಾರೀಕಿಗೂ 2, 3, 2, 3 ಎಂದು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ತಿಂದ ಮೇಲೆ ಆ ಅಂಕಿಗೆ ಸುತ್ತು ಹಾಕುತ್ತೇನೆ. ಬೇರೆ ಬೇರೆ ಮಿಲಿಗ್ರಾಂನ ಸ್ಟ್ರಿಪ್‌ಗಳು ನೋಡಲು ಒಂದೇ ಥರ ಇರುತ್ತವೆ. ಮೆಡಿಕಲ್‌ನಿಂದ ತಂದ ಕೂಡಲೇ ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿಡಿ. ನಮ್ಮಲ್ಲಿ ಕೆಲವೊಮ್ಮೆ ಕವರ್ ಮೇಲೆ ಮಲಯಾಳದಲ್ಲಿ ಬರೆದು ಕೊಡುತ್ತಾರೆ. "ರಾವಿಲೆ" ಎಂದರೆ ಬೆಳಿಗ್ಗೆ ಎಂದು ನನಗೆ ಗೊತ್ತು, ಓದಲು ಬಾರದ ಹಿರಿಯರಿಗೆ ಹೇಗೆ ಗೊತ್ತಾಗಬೇಕು? ಅಲ್ಲೇ ನಿಂತು ಓದಿಸಿಕೊಂಡು ಬನ್ನಿ.

ರಾತ್ರಿ 8ಕ್ಕೆ ಮರೆತು 11ಕ್ಕೆ ನೆನಪಾದರೆ ಆಗಲೇ ತಿನ್ನಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಆ ದಿನದ್ದು ಮಾತ್ರ ತಿನ್ನಿ. ಎರಡು ಸೇರಿಸಿ ಯಾವತ್ತೂ ತಿನ್ನಬೇಡಿ. ತಪ್ಪಿದ್ದನ್ನು ಪುಸ್ತಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಐಎನ್‌ಆರ್ ಕಡಿಮೆ ಬಂದಾಗ ಡಾಕ್ಟ್ರು ಸುಮ್ನೆ ಡೋಸ್ ಏರಿಸುವ ಹಾಗಾಗುತ್ತದೆ. ಯಕ್ಷಗಾನಕ್ಕೋ ಮದುವೆಗೋ ಹೋಗುವಾಗ ಆ ರಾತ್ರಿಯ ಮಾತ್ರೆ ಪರ್ಸಿನಲ್ಲಿರಲಿ.

2020ರ ಮಾರ್ಚ್ ಕೊನೆಗೆ, ಕೊರೊನಾ ಸಮಯದಲ್ಲಿ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ನಮಗೆಲ್ಲ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ನನ್ನ ಹತ್ತಿರ ಇದ್ದದ್ದು 5 ದಿನದ ಮಾತ್ರೆ. ಇಲ್ಲಿನ ಮೆಡಿಕಲ್‌ನಲ್ಲಿ 2 ಮಿಲಿಗ್ರಾಂನದು ಇರಲಿಲ್ಲ, 1 ಮಿಲಿಗ್ರಾಂನದು ಸಿಕ್ಕಿತು. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ಒಂದರ ಬದಲು ಎರಡು ತಿಂದು ದಿನ ದೂಡಿದೆ. ಅಂದಿನಿಂದ ಡಬ್ಬಿಯಲ್ಲಿ ಯಾವಾಗಲೂ 1 ತಿಂಗಳದ್ದು ಹೆಚ್ಚಿಗೆ ಇರುತ್ತದೆ. ಹೊಸದು ತಂದಾಗ ಹಳೆಯದನ್ನು ಮೊದಲು ಮುಗಿಸುತ್ತೇನೆ.

ಭಾವನ ಏಕಾದಶಿ

ನಮ್ಮ ಭಾವನಿಗೂ ಎ.ಎಫ್. ಇದೆ. ಅವರ ಕವಾಟ ಸರಿಯಿದೆ, ಆದ್ದರಿಂದ ಹೊಸ ಮಾತ್ರೆ ರಿವರಾಕ್ಸಬಾನ್ 20 ಮಿಲಿಗ್ರಾಂ, ದಿನಕ್ಕೊಂದು. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಆದರೆ ಅದನ್ನು ಊಟದ ಜೊತೆಗೇ ತಿನ್ನಬೇಕು, ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಮೈಗೆ ಹತ್ತುವುದಿಲ್ಲ. ಭಾವ ಏಕಾದಶಿಗೆ ಉಪವಾಸ ಮಾಡುವವರು. ತಿಂಗಳಿಗೆ 2 ದಿನ ಬರೀ ನೀರಿನಲ್ಲಿ ನುಂಗುತ್ತಿದ್ದರು. ಡಾಕ್ಟ್ರಿಗೆ ಹೇಳಿದ ಮೇಲೆ ಆ ದಿನ ಹೊಟ್ಟೆ ತುಂಬ ಅವಲಕ್ಕಿ, ಬಾಳೆಹಣ್ಣು, ಹಾಲು ತೆಗೆದುಕೊಂಡು ಮಾತ್ರೆ ತಿನ್ನಲು ಒಪ್ಪಿಕೊಂಡರು.

ಅಪಿಕ್ಸಬಾನ್ ದಿನಕ್ಕೆ 2 ಸಲ, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ನುಂಗಬಾರದು, ಬಂದ ಪ್ಯಾಕಿನಲ್ಲೇ ಇಡಬೇಕು. ಈ ಹೊಸ ಮಾತ್ರೆಗಳ ಶಕ್ತಿ 1 ದಿನದಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಒಂದೆರಡು ಡೋಸ್ ತಪ್ಪಿದರೂ ಕಾವಲಿಲ್ಲದ ಹಾಗೆ. ವರ್ಷಕ್ಕೊಮ್ಮೆಯಾದರೂ ಕಿಡ್ನಿ ಪರೀಕ್ಷೆ ಮಾಡಿಸಬೇಕು.

ನೋವಿನ ಮಾತ್ರೆ, ಕತ್ತಿ, ಜಿಗಣೆ

ಒಮ್ಮೆ ಮಂಡಿನೋವಿಗೆ ಮೆಡಿಕಲ್ ಒಂದರಲ್ಲಿ ಕೇಳಿದೆ, ಡೈಕ್ಲೋಫೆನಾಕ್ ಕೊಟ್ಟರು. ನಾನು ಏನು ತಿನ್ನುತ್ತಿದ್ದೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೇ ದಿನ ಮೂಗಿನಿಂದ ಅರ್ಧ ಗಂಟೆ ರಕ್ತ ಸುರಿಯಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನಮಗೆ ಸಲ್ಲ, ಡಾಕ್ಟ್ರೇ ಬರೆದುಕೊಟ್ಟರೆ ಬೇರೆ ಮಾತು. ಪ್ಯಾರಾಸಿಟಮಾಲ್ ಆಗುತ್ತದೆ, ಅದನ್ನೂ ದಿನಗಟ್ಟಲೆ ತಿನ್ನುವುದಾದರೆ ಕೇಳಿ. ಹೊಟ್ಟೆಗೆ ಕೊಡುವ ಮೆಟ್ರೊನಿಡಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ ಐಎನ್‌ಆರ್ ಏರಿಸುತ್ತವೆ. ಹಲ್ಲು ಕೀಳಿಸುವ ಮೊದಲು ಹೇಳಿ, ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಲು ಬಂದರೂ ಮೊದಲು ಹೇಳಿ.

ಮೆಟ್ಟುಕತ್ತಿಯಲ್ಲಿ ಬೆರಳು ಕೊಯ್ದರೆ ಬಟ್ಟೆ ಒತ್ತಿ 10 ನಿಮಿಷ ಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವಾಗ ಉದ್ದ ಬೂಟ್ಸ್ ಹಾಕಿ. ಜಿಗಣೆ ಕಚ್ಚಿದ ಜಾಗದಿಂದ ನಮಗೆ ಗಂಟೆಗಟ್ಟಲೆ ರಕ್ತ ಬರುತ್ತದೆ. ಹೊಗೆಸೊಪ್ಪು ಹಾಕಿ ಎಲೆ ತಿನ್ನುವ ಅಭ್ಯಾಸ ಇದ್ದರೆ ಬಿಡಿ. ಕುಡಿತವೂ ಬೇಡ, ಅದು ಎ.ಎಫ್. ಅನ್ನು ಕೆರಳಿಸುತ್ತದೆ.

ಕಾಯಬಾರದ ಹೊತ್ತು

ಅಂಗಳದಲ್ಲಿ ಪಾಚಿಗೆ ಜಾರಿ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಸೋರುವುದು ನಿಧಾನವಾಗಿ ಗೊತ್ತಾಗುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಹಾಗೇ.

ಲಕ್ವದ ಗುರುತನ್ನು ಮನೆಯವರಿಗೆಲ್ಲ ಕಲಿಸಿ. ನಗಲು ಹೇಳಿ, ಬಾಯಿ ಒಂದು ಬದಿಗೆ ಎಳೆಯುತ್ತದಾ? ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗೆ ಬೀಳುತ್ತದಾ? ಹೆಸರು ಹೇಳಿಸಿ, ಮಾತು ತೊದಲುತ್ತದಾ? ಒಂದಾದರೂ ಹೌದಾದರೆ 108ಕ್ಕೆ ಫೋನ್ ಮಾಡಿ. ನೀರು, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ಕೊನೆಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಕಾಸರಗೋಡಿನಿಂದ ಮಂಗಳೂರಿಗೇ 50 ಕಿಲೋಮೀಟರ್ ಇದೆ. ನಾವು ತಡ ಮಾಡುವಂತಿಲ್ಲ.

ಆಗ ಡಾಕ್ಟ್ರು ಕೇಳುವ ಮೊದಲ ಪ್ರಶ್ನೆ, ರಕ್ತ ಹೆಪ್ಪುಗಟ್ಟದ ಮಾತ್ರೆ ತಿನ್ನುತ್ತಾರಾ, ಕೊನೆಯ ಡೋಸ್ ಯಾವಾಗ ಎಂದು. ಅದಕ್ಕೇ ನನ್ನ ಪರ್ಸಿನಲ್ಲಿ ಒಂದು ಕಾರ್ಡ್ ಇದೆ. ಆಂಬುಲೆನ್ಸಿನವರಿಗೆಂದು ಮಲಯಾಳದಲ್ಲಿ, ಮಂಗಳೂರಿಗೆಂದು ಇಂಗ್ಲಿಷಿನಲ್ಲಿ, ದಾರಿಯಲ್ಲಿ ಎತ್ತುವವರಿಗೆಂದು ಕನ್ನಡದಲ್ಲಿ. ಮಲಯಾಳದ್ದನ್ನು ಪಕ್ಕದ ಮನೆಯ ಹುಡುಗಿ ಬರೆದುಕೊಟ್ಟಳು. ಕಾಯಿಲೆಯ ಹೆಸರು, ಎಲ್ಲ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ, ತಿನ್ನುವ ಹೊತ್ತು, ಕೊನೆಯ ಐಎನ್‌ಆರ್, ಮಗಳ ಫೋನ್ ನಂಬರ್. ಡೋಸ್ ಬದಲಾದ ದಿನವೇ ಹೊಸ ಕಾರ್ಡ್ ಬರೆದು ಹಳೆಯದನ್ನು ಹರಿದು ಹಾಕುತ್ತೇನೆ. ಎರಡು ಕಾರ್ಡ್ ಪರ್ಸಿನಲ್ಲಿದ್ದರೆ ಯಾವುದು ಸರಿ ಎಂದು ಆ ಹೊತ್ತಿಗೆ ಹೇಳಲು ನನಗೆ ಮಾತು ಇಲ್ಲದಿರಬಹುದು.