ಬೆಟ್ಟದ ನೆಲ್ಲಿಕಾಯಿ, ಪೋಡಿನ ಕಟ್ಟುಪಾಡು: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಅಂದ್ರೆ ಅವರ ಹಾಡಿಗಳಿಗೆ, ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಾಡಿನ ಮೇಲೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. ಪತ್ರ ಬಂದ್ಮೇಲೆ ಕಾಡನ್ನ ಒಟ್ಟಾಗಿ ನೋಡ್ಕೊಳ್ಳೋದು ಹೆಂಗೆ ಅನ್ನೋದೇ ಬೇರೆ ಕೆಲಸ. ನಾನು ಓಡಾಡೋ ಪೋಡಲ್ಲಿ 18 ಮನೆ. "ಎಲ್ಲರೂ ಒಂದೇ ದಿನ ನೆಲ್ಲಿಕಾಯಿ ಕೀಳೋಕೆ ಶುರು ಮಾಡ್ಬೇಕು, ಅದಕ್ಕೂ ಮುಂಚೆ ಯಾರೂ ಮುಟ್ಟಂಗಿಲ್ಲ" ಅಂತ ಗ್ರಾಮಸಭೆಲಿ ಮಾತು ತಂದಾಗ ನಮ್ಮ ಜೊತೆ ಕೆಲಸ ಮಾಡೋರೇ ಇದು ಆಗಲ್ಲ ಬಿಡಿ ಅಂದ್ರು. ಈಗ ಮೂರನೇ ವರ್ಷ, ಆಗಿದೆ, ಅದಕ್ಕೇ ಬರೀತಿದೀನಿ.

ಮೊದಲನೇ ವರ್ಷ ಪೂರ್ತಿ ಸೋತ್ವಿ. ದಿನ ಗೊತ್ತು ಮಾಡಿದ್ವಿ, ಎಲ್ಲರೂ ಹೂಂ ಅಂದ್ರು, ಆದ್ರೆ ದೀಪಾವಳಿ ಹೊತ್ತಿಗೇ ಅರ್ಧ ಮನೆಯವರು ವ್ಯಾಪಾರಿ ಹತ್ರ ಸಾವಿರ, ಎರಡು ಸಾವಿರ ಮುಂಗಡ ತಗೊಂಡಿದ್ರು. ಕೈಯಲ್ಲಿ ಕಾಸಿಲ್ಲದಾಗ ಕೊಟ್ಟೋನಿಗೆ ಕಾಯಿ ಹಾಕದೆ ಇರೋಕಾಗುತ್ತಾ? ಎಳೇ ಕಾಯನ್ನ ಕೊಂಬೆ ಸಮೇತ ಕಡಿದು ಕೆಡವಿ ಕೆಜಿ 12 ರೂಪಾಯಿಗೆ ಕೊಟ್ಟುಬಿಟ್ರು. ತಪ್ಪು ಅವರದಲ್ಲ, ದುಡ್ಡಿನ ಲೆಕ್ಕ ಹಾಕದೆ ನಿಯಮ ಮಾಡಿದ್ದು ನನ್ನ ತಪ್ಪು.

ಎರಡನೇ ವರ್ಷ ಅಲ್ಲಿಂದ ಇಲ್ಲಿಂದ ಸಾಲ ತಂದು ಸುಮಾರು 36 ಸಾವಿರ ಹೊಂದಿಸಿ ಮನೆಗೆ 2 ಸಾವಿರದಂಗೆ ಗ್ರಾಮಸಭೆಯ ಸಮಿತಿಯಿಂದಲೇ ಮುಂಗಡ ಕೊಟ್ವಿ, ಬಡ್ಡಿ ಇಲ್ಲ, ಕಾಯಿ ತೂಕ ಹಾಕೋ ದಿನ ಮುರ್ಕೊಳ್ಳೋದು. ಇಷ್ಟೇ. ಇದೊಂದರಿಂದ ಮುಕ್ಕಾಲು ಜಗಳ ನಿಂತೋಯ್ತು.

ದಿನ ಗೊತ್ತು ಮಾಡೋದನ್ನ ಹೆಂಗಸರಿಗೆ ಬಿಟ್ವಿ. ಒಬ್ಬ ಅಜ್ಜಿ ಕಾಯನ್ನ ಬಿಸಿಲಿಗೆ ಹಿಡಿದು ತೋರಿಸಿದ್ರು, "ನೋಡು ಮಗ, ಗಾಜಿನಂಗೆ ಆಗಿ ಒಳಗಿನ ಗೆರೆ ಕಾಣ್ಬೇಕು, ಅಲ್ಲೀಗಂಟ ಅದು ಮರದ್ದು" ಅಂತ. ತುದಿ ಕೊಂಬೆ ಕಾಯಿ ಬಿಡ್ಬೇಕು ಅನ್ನೋದೂ ಅವರದ್ದೇ ಮಾತು, ಜಿಂಕೆ, ಕಡವೆ, ಕಾಡುಕುರಿ ಉದುರಿದ ಕಾಯಿ ತಿಂದು ಬೀಜ ಹರಡಿದ್ರೇನೇ ಮುಂದಿನ ಗಿಡ.

ದಂಡ ಅಂತ 500 ರೂಪಾಯಿ ಇಟ್ಟಿದ್ವಿ, ಒಬ್ಬರೂ ಕಟ್ಟಲಿಲ್ಲ. ಆಮೇಲೆ ಸಭೆಲೇ ಬದಲಾಯಿಸಿ, ಕೊಂಬೆ ಕಡಿದೋರು ಎರಡು ದಿನ ಉಪ್ಪಿಲು ತೆಗೀಬೇಕು ಅಂತ ಮಾಡಿದ್ವಿ. ಇದು ನಡೀತು. ಉಪ್ಪಿಲು ನೆಲ್ಲಿ ಮರದ ಮೇಲೆ ಕೂತು ರಸ ಹೀರೋ ಬಂದಳಿಕೆ, ತರಗು ಬೆಂಕಿ, ಅಂದ್ರೆ ಹಿಂದೆ ಒಣಗಿದ ಎಲೆಗೆ ಹಾಕ್ತಿದ್ದ ಸಣ್ಣ ಬೆಂಕಿ, ನಿಂತ ಮೇಲೆ ಜಾಸ್ತಿ ಆಯ್ತು ಅಂತ ಹಿರಿಯರು ಹೇಳ್ತಾನೇ ಇದಾರೆ. ಬರೀ ಕಿತ್ರೆ ಮತ್ತೆ ಚಿಗುರುತ್ತೆ, ಕೊಂಬೆನ ಅದು ಕೂತಿರೋ ಜಾಗದಿಂದ ಒಂದಡಿ ಕೆಳಗೆ ಕುಯ್ಯಬೇಕು. 140 ಮರ ಮಾಡಿದ್ವಿ ಅನ್ಸುತ್ತೆ, ಮೂವತ್ತರಲ್ಲಿ ತಿರ್ಗಾ ಬಂದಿದೆ. ಇದರ ಜೊತೆ ಒಂದೆಕರೇಲಿ ಲಂಟಾನ ಅನ್ನೋ ಕಳೆ ಗಿಡನೂ ತೆಗೆದು ನೋಡಿದ್ವಿ, ಮೇಲೆ ಸವರಿದ ಕಡೆ ಒಂದೇ ಮಳೆಗೆ ಎದೆಮಟ್ಟ ಬಂತು, ಮಣ್ಣೊಳಗೆ ಬೇರಿನ ಗಡ್ಡೆ ಕಡಿದು ಬುಡ ಮೇಲೆ ಮಾಡಿ ನೇತುಹಾಕಿದ ಕಡೆ ಹುಲ್ಲು ಬಂದಿದೆ.

ಇನ್ನು ಒಣಗಿಸೋದು. ಮೊದಲನೇ ಸಲ 200 ಕೆಜಿ ಕಾಯನ್ನ ಕಬ್ಬಿಣದ ಡ್ರಮ್ಮಲ್ಲಿ ಬೇಯಿಸಿದ್ವಿ, ಇದ್ದಲಿನಂಗೆ ಕಪ್ಪಾಯ್ತು, ಕೊಳ್ಳೋರು ಮುಟ್ಟಲಿಲ್ಲ. ನಾಲ್ಕೂವರೆ ಸಾವಿರ ಮಣ್ಣಾಯ್ತು. ನೆಲ್ಲಿ ಒಗರಿಗೂ ಕಬ್ಬಿಣಕ್ಕೂ ಆಗಲ್ಲ, ಸ್ಟೀಲು ಪಾತ್ರೆನೇ ಬೇಕು. ರಾತ್ರಿ ಇಬ್ಬನಿ ಬೀಳದಂಗೆ ಟಾರ್ಪಾಲು ಮುಚ್ಚಬೇಕು, ಒಂದು ರಾತ್ರಿ ಮರೆತ್ರೂ ಬೂಷ್ಟು. 100 ಕೆಜಿ ಹಸಿಗೆ ಬೀಜ ತೆಗೆದು ಒಣಗಿದ್ದು 14 ಕೆಜಿ ಬರುತ್ತೆ. ಬೇಯಿಸೋ ನೀರಿಗೆ ಹಾಕೋ ಒಂದು ಸೊಪ್ಪಿದೆ, ಅದನ್ನ ಇಲ್ಲಿ ಬರೆಯಲ್ಲ, ಅದು ಪೋಡಿನವರ ಸ್ವತ್ತು. ಬೇಕಾದೋರು ಬಂದು ಅವರನ್ನೇ ಕೇಳಿ.

ಹೋದ ಸೀಸನ್ನಲ್ಲಿ ಒಟ್ಟು 5 ಟನ್ ಹತ್ರ ಆಯ್ತು. 3 ಟನ್ ಹಸೀದು 22ರಂಗೆ ಹೋಯ್ತು, ಉಳಿದಿದ್ದು ಒಣಗಿಸಿ ಕೆಜಿ 160ರಂಗೆ. ಗಾಡಿ, ಚೀಲ, ಟಾರ್ಪಾಲು ಅಂತ 15-16 ಸಾವಿರ ಕಳೆದು ಮನೆಗೆ 5 ಸಾವಿರದ ಮೇಲೆ ಬಂತು, ಮುಂಚೆ 3 ಸಾವಿರ ದಾಟಿದ್ರೆ ಹೆಚ್ಚು. ಕೊಂಬೆ ಕಡಿದಿದ್ದು ಇಡೀ ಸೀಸನ್ನಲ್ಲಿ ಎರಡೇ ಮರ. ಆಗಲ್ಲ ಅಂದೋರನ್ನ ತೂಕದ ದಿನ ನಾನೇ ಕರ್ಕೊಂಡು ಹೋಗಿ ನಿಲ್ಲಿಸಿದ್ದೆ, ಆ ಖುಷಿ ನನಗಿದೆ.

ಒಂದು ಸಲ ದಾರೀಲಿ ಗಾಡಿ ತಡೆದು ಪರ್ಮಿಟ್ ಎಲ್ಲಿ ಅಂತ ನಾಲ್ಕು ಗಂಟೆ ನಿಲ್ಲಿಸಿದ್ರು. ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮದ ಪ್ರಕಾರ ಸಾಗಾಣಿಕೆ ಪರ್ಮಿಟ್ ಕೊಡೋದು ಗ್ರಾಮಸಭೆಯ ಸಮಿತಿನೇ. ಈಗ ಆ ನಿಯಮದ ಪ್ರತಿ ಲ್ಯಾಮಿನೇಷನ್ ಮಾಡಿಸಿ ಗಾಡೀಲೇ ಇಟ್ಟಿದೀವಿ, ಪರ್ಮಿಟ್ ಪುಸ್ತಕ ಒಬ್ಬ ಹುಡುಗಿ ಕೈಯಲ್ಲಿದೆ, ಪಿಯುಸಿ ಓದಿದಾಳೆ, ಒಂದು ಚೀಲನೂ ಬರೆಯದೆ ಬಿಡಲ್ಲ. ಪಕ್ಕದ ಎರಡು ಪೋಡಿನವರು ಬಂದು ಆ ಪುಸ್ತಕ ನೋಡ್ಕೊಂಡು ಹೋಗಿದಾರೆ, ಅವರಿಗೂ ಮುಂಗಡದ ದುಡ್ಡು ಹೊಂದಿಸ್ಬೇಕು, ದೀಪಾವಳಿಗೆ ಮುಂಚೆ.