ಶಿಂಗಲ್ ಮಾಡು: ಕಾಸರಗೋಡಿನ ಮಳೆಗೆ ಯಾವುದು ತಾಳುತ್ತದೆ?

ಶಿಂಗಲ್ ಎಂದರೆ ಮಾಡಿಗೆ ಅಂಚಿನ ಮೇಲೆ ಅಂಚು ಬರುವಂತೆ ಹೊದಿಸಿ ಮೊಳೆ ಹೊಡೆಯುವ ಡಾಂಬರಿನ ಹಾಳೆ. ಹಾಕಿಸುವುದಾದರೆ ಮೊದಲು ಮಾಡಿನ ಇಳಿಜಾರು ಅಳೆಯಿರಿ. ಬಣ್ಣ ಆಮೇಲೆ ನೋಡಿದರಾಯಿತು. ಅಡ್ಡಕ್ಕೆ 12 ಇಂಚು ಹೋದಾಗ 4 ಇಂಚಾದರೂ ಏರದಿದ್ದರೆ ಡಾಂಬರು ಶಿಂಗಲ್‌ನ ಅಡಿಗೆ ನೀರು ತಡೆಯುವ ಹಾಸು ಎರಡು ಪದರ ಬೇಕು. 2 ಇಂಚಿಗಿಂತ ಕಡಿಮೆಯೋ, ಶಿಂಗಲ್ ಬೇಡವೇ ಬೇಡ.

ಹಂಚಿನಂತೆ ಇದನ್ನು ರೀಪಿನ ಮೇಲೆ ಕೂರಿಸಲಾಗದು. ಕೆಳಗೆ ಪೂರ್ತಿ ಹಲಗೆ ಬೇಕು, ಅದೂ ನೀರು ತಾಳುವ ಮರೈನ್ ಪ್ಲೈವುಡ್ಡೇ ಆಗಲಿ. ಸಾಮಾನ್ಯ ಪ್ಲೈ ಆಟಿ ತಿಂಗಳ ಮಳೆಗೆ ತೇವ ಹೀರಿ ಉಬ್ಬುತ್ತದೆ, ಮೊಳೆ ಮೇಲೇಳುತ್ತದೆ, ಆ ತೂತಿನಿಂದಲೇ ಸೋರಿಕೆ ಶುರು.

ಹಾಳೆಗೆ 4 ಮೊಳೆ ವಾಡಿಕೆ. ಕಡಲಗಾಳಿ ನೇರ ಬಡಿಯುವ ಉಪ್ಪಳ, ಕುಂಬಳೆ ಕಡೆ 6 ಹೊಡೆಸಿ. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಕ್ಷೇಮ. ಮೊಳೆಯ ತಲೆ ಹಾಳೆಗೆ ಸಮವಾಗಿ ಕೂರಬೇಕು, ಒಳಗಿಳಿದರೆ ಹಾಳೆ ಹರಿಯುತ್ತದೆ.

ಅಡಿಕೆ ತೋಟದ ನೆರಳಿದ್ದರೆ ಪಾಚಿ ತಪ್ಪಿದ್ದಲ್ಲ. ತಾಮ್ರದ ಹರಳು ಬೆರೆಸಿದ ಬಗೆಯ ಶಿಂಗಲ್ ಕೇಳಿ ತನ್ನಿ. ಅಳತೆಗಿಂತ ಶೇ. 10 ಹೆಚ್ಚು, ಎಲ್ಲವೂ ಒಂದೇ ಬ್ಯಾಚಿನದು.